ಹಿಂಬರಹ ಬಂತು, ಇನ್ನು ದಾರಿ ಇಲ್ವಾ?

ಈ ತಿಂಗಳ ಪ್ರಶ್ನೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಕುಮಟಾ, ಶಿರಸಿ, ಯಲ್ಲಾಪುರ, ಹೊನ್ನಾವರ, ಭಟ್ಕಳ. ಐದು ಊರಿನಿಂದ ಐದು ಜನ ಬರೆದಿದ್ದಾರೆ. ಒಬ್ಬರಿಗೊಬ್ಬರು ಪರಿಚಯ ಇಲ್ಲ, ಆದರೆ ಆದದ್ದು ಹೆಚ್ಚುಕಡಿಮೆ ಒಂದೇ. ಕೆಲಸದ ಜಾಗದಲ್ಲಿ ತಾರತಮ್ಯ ಆಯಿತು ಅಂತ ಧೈರ್ಯ ಮಾಡಿ ದೂರು ಕೊಟ್ಟರು. ಸಾಕ್ಷಿ ಕೇಳುವ ಮೊದಲೇ, ಪೂರ್ತಿ ವಿಚಾರಣೆ ಶುರುವಾಗುವ ಮೊದಲೇ ಒಂದು ಉತ್ತರ ಬಂತು. “ಪ್ರಾಥಮಿಕ ಪರಿಶೀಲನೆಯಲ್ಲಿ ಹುರುಳಿಲ್ಲ”, “ಅವಧಿ ಮೀರಿದೆ”, “ಕಾಯ್ದೆ ಅನ್ವಯಿಸುವುದಿಲ್ಲ”. ಅಲ್ಲಿಗೆ ಮುಗೀತು ಅಂದುಕೊಂಡು ಕಾಗದ ಮಡಚಿ ಕಪಾಟಿನಲ್ಲಿ ಇಟ್ಟುಬಿಡುವವರೇ ಜಾಸ್ತಿ.

ದಯವಿಟ್ಟು ಹಾಗೆ ಮಾಡಬೇಡಿ. ಕಾರವಾರದ ಕೋರ್ಟಿನಲ್ಲಿ ಇಪ್ಪತ್ತು ವರ್ಷದಿಂದ ನಾನು ಇಂಥ ಕಾಗದಗಳನ್ನು ಓದುತ್ತಿದ್ದೇನೆ. ದೂರು ಸುಳ್ಳು ಅಂತ ತೀರ್ಮಾನ ಆಗುವುದು ಬೇರೆ, ದೂರನ್ನು ನೋಡುವುದೇ ಇಲ್ಲ ಅಂತ ಹೇಳುವುದು ಬೇರೆ. ಮೊದಲು ಬರುವ ಹಿಂಬರಹ, ಅಂದರೆ ದೂರಿಗೆ ಕಚೇರಿ ಬರೆದು ಕೊಡುವ ಉತ್ತರ, ಸಾಮಾನ್ಯವಾಗಿ ಎರಡನೆಯ ಜಾತಿಯದು. ಯಾಕೆ ನೋಡುವುದಿಲ್ಲ ಅಂತ ಅದರಲ್ಲಿ ಒಂದು ಸಾಲಿನ ಕಾರಣ ಇರುತ್ತದೆ. ಮೇಲ್ಮನವಿಯಲ್ಲಿ ನಾವು ಉತ್ತರ ಕೊಡಬೇಕಾದ್ದು ಆ ಒಂದು ಸಾಲಿಗೆ. ಜನ ಏನು ಮಾಡುತ್ತಾರೆ ಅಂದರೆ, ಮೊದಲು ಕೊಟ್ಟ ದೂರನ್ನೇ ಇನ್ನಷ್ಟು ನೋವಿನಿಂದ, ಇನ್ನಷ್ಟು ಉದ್ದವಾಗಿ ಬರೆದು ಮೇಲಿನವರಿಗೆ ಕಳಿಸುತ್ತಾರೆ. ಆ ಒಂದು ಸಾಲು ಮಾತ್ರ ಹಾಗೇ ಉಳಿದಿರುತ್ತದೆ. ಅಲ್ಲೇ ಸೋಲು.

ಪ್ರಶ್ನೆ: ನಾನು ಒಂದು ಸರ್ಕಾರಿ ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕ. ಮೂರು ವರ್ಷದ ಹಿಂದೆ ಬೈಕ್ ಅಪಘಾತ ಆಗಿ ಬಲಗಾಲು ಸರಿಯಾಗಿ ಮಡಚಲು ಬರುವುದಿಲ್ಲ. ವೈದ್ಯರು ಶೇ. 35 ಅಂಗವೈಕಲ್ಯ ಅಂತ ಬರೆದುಕೊಟ್ಟಿದ್ದಾರೆ. ಕಳೆದ ವರ್ಷ ನನ್ನ ಟೇಬಲ್ಲನ್ನು ಮಹಡಿಗೆ ಹಾಕಿದರು. ಲಿಫ್ಟ್ ಇಲ್ಲ. ಹತ್ತಲು ಆಗುವುದಿಲ್ಲ ಅಂದರೆ “ಆಗಲ್ಲ ಅಂದ್ರೆ ರಜೆ ಹಾಕಿ” ಅಂದರು. ಆಮೇಲೆ ಪ್ರಮೋಷನ್ ಪಟ್ಟಿಯಲ್ಲಿ ನನ್ನನ್ನು ಬಿಟ್ಟು ನನಗಿಂತ ಕಿರಿಯರನ್ನು ಸೇರಿಸಿದರು. ಓಡಾಟದ ಕೆಲಸ ನಿಮ್ಮಿಂದ ಆಗದು ಅಂತ ಬಾಯಿಮಾತಿನ ಕಾರಣ. ಇಲಾಖೆಯ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟೆ. ಐದೇ ದಿನಕ್ಕೆ ಹಿಂಬರಹ ಬಂತು: “ಅಂಗವೈಕಲ್ಯವು ಶೇ. 40ಕ್ಕಿಂತ ಕಡಿಮೆ ಇರುವುದರಿಂದ ಕಾಯ್ದೆ ಅನ್ವಯಿಸುವುದಿಲ್ಲ. ದೂರನ್ನು ಮುಕ್ತಾಯಗೊಳಿಸಲಾಗಿದೆ.” ಮುಂದೆ ಎಲ್ಲಿಗೆ ಹೋಗಲಿ?
– ಓದುಗರು, ಕುಮಟಾ

ಉತ್ತರ: ನಿಮ್ಮ ಕಾಗದ ಓದಿ ಬೇಸರ ಆಯಿತು, ಜೊತೆಗೆ ಸ್ವಲ್ಪ ಸಮಾಧಾನವೂ ಆಯಿತು. ಯಾಕೆಂದರೆ ಆ ಹಿಂಬರಹದಲ್ಲಿ ಬರೆದ ಕಾರಣ ತಪ್ಪು. ಕಾರಣ ತಪ್ಪಿದ್ದಾಗ ಮೇಲ್ಮನವಿ ಬರೆಯುವುದು ಸುಲಭ.

ಶೇ. 40 ಅನ್ನುವ ಲೆಕ್ಕ ಎಲ್ಲಿಂದ ಬಂತು ನೋಡೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡು ಬೇರೆ ಬೇರೆ ಮಾತು ಇವೆ. ಒಂದು, ಅಂಗವಿಕಲ ವ್ಯಕ್ತಿ. ಇನ್ನೊಂದು, ನಿಗದಿತ ಮಟ್ಟದ ಅಂಗವೈಕಲ್ಯ ಇರುವ ವ್ಯಕ್ತಿ. ಶೇ. 40 ಬೇಕಾಗುವುದು ಎರಡನೆಯದಕ್ಕೆ ಮಾತ್ರ, ಅಂದರೆ ಉದ್ಯೋಗ ಮೀಸಲಾತಿಯಂಥ ಸೌಲಭ್ಯಗಳಿಗೆ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿನಲ್ಲಿ 40ಕ್ಕಿಂತ ಕಡಿಮೆ ಇದ್ದವರಿಗೆ ಬಿಳಿ ಪಟ್ಟಿ, 40ರಿಂದ 80ರ ಒಳಗಿನವರಿಗೆ ಹಳದಿ, ಅದಕ್ಕೂ ಮೇಲಿನವರಿಗೆ ನೀಲಿ ಪಟ್ಟಿ ಇರುತ್ತದೆ. ಬಿಳಿ ಪಟ್ಟಿ ಕಂಡ ಕೂಡಲೇ “ನಿಮಗೆ ಏನೂ ಇಲ್ಲ” ಅನ್ನುವ ಅಭ್ಯಾಸ ನಮ್ಮ ಕಚೇರಿಗಳಲ್ಲಿ ಬೇರೂರಿಬಿಟ್ಟಿದೆ. ಆದರೆ ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಅನ್ನುವ 20ನೇ ಕಲಮು ಹೇಳುವುದು ಅಂಗವಿಕಲ ವ್ಯಕ್ತಿ ಅಂತ ಅಷ್ಟೇ. ಅಲ್ಲಿ ಶೇಕಡಾ ಲೆಕ್ಕ ಇಲ್ಲ. ದೀರ್ಘಕಾಲದ ತೊಂದರೆ ಇರಬೇಕು, ಸುತ್ತಲಿನ ಅಡೆತಡೆಯ ಜೊತೆ ಸೇರಿ ಅದು ಉಳಿದವರ ಸಮಕ್ಕೆ ಬದುಕಲು ಬಿಡದಂತಿರಬೇಕು. ಮಡಚಲಾಗದ ಕಾಲು, ಲಿಫ್ಟ್ ಇಲ್ಲದ ಮಹಡಿ. ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಾ?

ಸುಪ್ರೀಂ ಕೋರ್ಟು ಇದನ್ನೇ 2021ರ ಫೆಬ್ರವರಿಯಲ್ಲಿ ಹೇಳಿದೆ. ಯುಪಿಎಸ್‌ಸಿ ಪರೀಕ್ಷೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ ಇದ್ದ ಅಭ್ಯರ್ಥಿಯೊಬ್ಬರು ಬರೆಯಲು ಸಹಾಯಕರನ್ನು ಕೇಳಿದ್ದರು. ಶೇ. 40 ಇಲ್ಲ ಅಂತ ಕೊಟ್ಟಿರಲಿಲ್ಲ. ಮೂವರು ನ್ಯಾಯಮೂರ್ತಿಗಳ ಪೀಠ ಆ ವಾದವನ್ನು ಒಪ್ಪಲಿಲ್ಲ. ಅಂಗವಿಕಲರಿಗೆ ಬೇಕಾದ ಹೊಂದಾಣಿಕೆ ಮಾಡಿಕೊಡುವ ಹೊಣೆ ಶೇ. 40ರ ಮೇಲಿನವರಿಗೆ ಮಾತ್ರ ಸೀಮಿತ ಅಲ್ಲ ಅಂದಿತು. ನಿಮ್ಮ ಮೇಲ್ಮನವಿಯ ಜೀವಾಳ ಇದೇ.

ಇನ್ನು ಎಲ್ಲಿಗೆ ಹೋಗುವುದು ಅನ್ನುವ ಪ್ರಶ್ನೆ. ಅದೇ ಕಾಯ್ದೆಯ 23ನೇ ಕಲಮು ಓದಿಕೊಳ್ಳಿ. ಕುಂದುಕೊರತೆ ಅಧಿಕಾರಿ ದೂರನ್ನು ರಿಜಿಸ್ಟರಿನಲ್ಲಿ ದಾಖಲು ಮಾಡಬೇಕು, ದಾಖಲಾದ ಎರಡು ವಾರದೊಳಗೆ ವಿಚಾರಣೆ ಮಾಡಬೇಕು. ಅವರ ಕ್ರಮದಿಂದ ಸಮಾಧಾನ ಆಗದಿದ್ದರೆ ಅಂಗವಿಕಲರ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ನಮ್ಮ ಜಿಲ್ಲೆಗೆ ಅಂದರೆ ಕಾರವಾರಕ್ಕೆ. ಅದಕ್ಕೆ ಇಷ್ಟೇ ದಿನ ಅಂತ ಆ ಕಲಮಿನಲ್ಲಿ ಬರೆದಿಲ್ಲ. ಹಾಗಂತ ತಿಂಗಳುಗಟ್ಟಲೆ ಕಾಯಬೇಡಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಇದರ ಜೊತೆಗೆ ರಾಜ್ಯ ಅಂಗವಿಕಲರ ಆಯುಕ್ತರಿಗೂ ಬರೆಯಬಹುದು. ಆಯುಕ್ತರಿಗೆ ಸಮನ್ಸ್ ಕೊಟ್ಟು ಕರೆಸುವ, ದಾಖಲೆ ತರಿಸುವ ಅಧಿಕಾರ ಇದೆ. ಅವರು ಶಿಫಾರಸು ಮಾಡಿದರೆ ಇಲಾಖೆ ಏನು ಕ್ರಮ ತೆಗೆದುಕೊಂಡೆವು ಅಂತ ಮೂರು ತಿಂಗಳೊಳಗೆ ಅವರಿಗೆ ತಿಳಿಸಬೇಕು.

ಐದೇ ದಿನಕ್ಕೆ ಉತ್ತರ ಬಂತು ಅಂದಿರಲ್ಲ, ಆ ಐದು ದಿನದಲ್ಲಿ ಯಾರಾದರೂ ನಿಮ್ಮನ್ನು ಕರೆದು ಕೇಳಿದರಾ? ಮಹಡಿಯ ಮೆಟ್ಟಿಲನ್ನು ಬಂದು ನೋಡಿದರಾ? ಇಲ್ಲ ಅಂತಾದರೆ ಅದನ್ನೂ ಬರೆಯಿರಿ. ವಿಚಾರಣೆ ಮಾಡಬೇಕು ಅಂತ ಕಾಯ್ದೆ ಹೇಳುತ್ತದೆ, ಟೇಬಲ್ ಮೇಲೆ ಕೂತು ಶೇಕಡಾ ನೋಡಿದ್ದು ವಿಚಾರಣೆ ಆಗುವುದಿಲ್ಲ. ನಿಮ್ಮ ದೂರಿನ ರಿಜಿಸ್ಟರ್ ನಂಬರ್ ಮತ್ತು ಕಡತದ ಟಿಪ್ಪಣಿ ಹಾಳೆಗಳ ನಕಲು ಕೇಳಿ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದ ಗಡುವು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅನ್ನುವ ನಿಯಮ ಇದೆ, ಹಾಗಾಗಿ ಕಥೆ ಬರೆಯಲು ಹೋಗಬೇಡಿ. ಆದರೆ ಆ ಉತ್ತರ ಬರಲಿ ಅಂತ ಮೇಲ್ಮನವಿಯನ್ನು ತಡ ಮಾಡಬೇಡಿ. ನಕಲು ಸಿಕ್ಕಿದ ಮೇಲೆ ಹೆಚ್ಚುವರಿ ದಾಖಲೆ ಅಂತ ಸೇರಿಸಿದರಾಯಿತು.

ಬರೆಯುವಾಗ ಹಿಂಬರಹದ ನಂಬರ್, ತಾರೀಕು ಮೊದಲು. ಆಮೇಲೆ ಅವರ ಸಾಲನ್ನು ಅವರದೇ ಮಾತಿನಲ್ಲಿ ಇಟ್ಟು, ಅದರ ಕೆಳಗೆ ಅದು ಯಾಕೆ ತಪ್ಪು ಅಂತ. ಕೊನೆಗೆ ನಿಮಗೆ ಏನು ಬೇಕು ಅನ್ನುವುದು. ಈ ಕೊನೆಯದನ್ನೇ ಎಲ್ಲರೂ ಮರೆಯುತ್ತಾರೆ. “ನ್ಯಾಯ ಕೊಡಿಸಿ” ಅಂತ ಬರೆದರೆ ಸಮಿತಿಯವರು ಏನು ಆದೇಶ ಮಾಡಬೇಕು ಹೇಳಿ? “ನನ್ನ ಟೇಬಲ್ಲನ್ನು ಹದಿನೈದು ದಿನದೊಳಗೆ ನೆಲಮಹಡಿಗೆ ತರಬೇಕು” ಅಂತ ಬರೆಯಿರಿ. ಅದನ್ನು ಮಾಡಿದರೋ ಇಲ್ಲವೋ ಅಂತ ಯಾರು ಬೇಕಾದರೂ ಬಂದು ನೋಡಬಹುದು.

ಪ್ರಮೋಷನ್ ವಿಷಯವನ್ನು ಬೇರೆ ಇಡಿ. ಅಂಗವೈಕಲ್ಯ ಒಂದನ್ನೇ ಕಾರಣ ಮಾಡಿ ಬಡ್ತಿ ನಿರಾಕರಿಸಬಾರದು ಅಂತ 20ನೇ ಕಲಮಿನಲ್ಲೇ ಇದೆ. ಕೆಲಸದಲ್ಲಿದ್ದಾಗ ಅಂಗವೈಕಲ್ಯ ಬಂದರೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗಿಲ್ಲ. ಆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಆದರೆ ಸರ್ಕಾರಿ ನೌಕರರ ಬಡ್ತಿ ತಕರಾರು ಹೋಗುವುದು ರಾಜ್ಯ ಆಡಳಿತ ನ್ಯಾಯಮಂಡಳಿಗೆ. ಅಲ್ಲಿ ಅಂತಿಮ ಆದೇಶ ಬಂದ ದಿನದಿಂದ ಒಂದು ವರ್ಷದ ಮಿತಿ. ಜಿಲ್ಲಾ ಸಮಿತಿಯ ಉತ್ತರಕ್ಕೆ ಕಾಯುತ್ತ ಕೂತು ಆ ವರ್ಷ ಜಾರಿ ಹೋದದ್ದನ್ನು ನಾನು ನೋಡಿದ್ದೇನೆ. ತಡ ಮಾಡಬೇಡಿ ಅಂದದ್ದು ಅದಕ್ಕೇ.

ಇನ್ನೊಂದು ಮಾತು. ಹಿಂಬರಹ ಬಂದ ಕವರನ್ನು ಬಿಸಾಡಬೇಡಿ. ದಿನದ ಲೆಕ್ಕ ಬರುವ ಕಡೆಯಲ್ಲೆಲ್ಲ ಕಾಗದ ನಿಮ್ಮ ಕೈಗೆ ಬಂದ ದಿನ ಮುಖ್ಯ ಆಗುತ್ತದೆ, ಅದಕ್ಕೆ ಸಾಕ್ಷಿ ಕವರಿನ ಮೇಲಿನ ಠಸ್ಸೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಅಂಕೋಲಾ ಕಡೆಯ ಒಬ್ಬ ಅಕ್ಕ ನನ್ನ ಹತ್ತಿರ ಬರಬೇಕಾದವರು ಬರಲಾಗಲಿಲ್ಲ. ಗಡುವು ಮೀರಿತು. ಆಮೇಲೆ ವಿಳಂಬ ಮನ್ನಾ ಮಾಡಿ ಅಂತ ಅರ್ಜಿ ಹಾಕಿದೆವು. ರಸ್ತೆ ಬಂದ್ ಆದದ್ದು ಊರಿಗೇ ಗೊತ್ತಿತ್ತು. ಆದರೆ ಕಾಗದ ಕೈಗೆ ಸಿಕ್ಕಿದ ದಿನ ಯಾವುದು ಅಂತ ತೋರಿಸಲು ಅವರ ಹತ್ತಿರ ಕವರ್ ಇರಲಿಲ್ಲ. ಅದೊಂದಕ್ಕೆ ನಾವು ಪಟ್ಟ ಪಾಡು ಇವತ್ತಿಗೂ ಮರೆತಿಲ್ಲ.

ಪ್ರಶ್ನೆ: ಇಲ್ಲಿಯ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಒಟ್ಟು ಹದಿನಾಲ್ಕು ಜನ ಇದ್ದೇವೆ. ಮೇಲ್ವಿಚಾರಕ ಒಂದು ವರ್ಷದಿಂದ ಕೆಟ್ಟ ಮಾತು ಆಡುತ್ತಿದ್ದ. ಕೊನೆಯ ಸಲ ಆದದ್ದು ಜನವರಿ 10ಕ್ಕೆ. ನಂತರ ಅಮ್ಮನಿಗೆ ಹುಷಾರಿಲ್ಲದೆ ಆಸ್ಪತ್ರೆ ಓಡಾಟ, ದೂರು ಕೊಟ್ಟಾಗ ಜೂನ್ 2. ಕಿರುಕುಳದ ದೂರು ಕೇಳಲು ವಖಾರಿಯಲ್ಲಿ ಮಾಡಿದ ಸಮಿತಿಯವರು ಒಮ್ಮೆ ಕರೆದು, ಮೂರು ತಿಂಗಳು ಮೀರಿದೆ, ಅಲ್ಲದೆ ಅವನು ಮೈ ಮುಟ್ಟಿಲ್ಲವಲ್ಲ, ಬರೀ ಮಾತು, ಇದು ಬರುವುದಿಲ್ಲ ಅಂದರು. ಬರೆದು ಏನೂ ಕೊಟ್ಟಿಲ್ಲ. ಸಮಿತಿಯಲ್ಲಿ ಹೊರಗಿನ ಸದಸ್ಯರು ಅಂತ ಮಾಲೀಕರ ಭಾವನೇ ಕೂತಿದ್ದರು. ಈಗ ನನ್ನನ್ನು ಲೆಕ್ಕದಿಂದ ತೆಗೆದು ಗೋದಾಮಿನ ಕೆಲಸಕ್ಕೆ ಹಾಕಿದ್ದಾರೆ.
– ಓದುಗರು, ಶಿರಸಿ

ಉತ್ತರ: ತಂಗಿ, ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಮೈ ಮುಟ್ಟಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಅಶ್ಲೀಲ ಮಾತೂ ಕಿರುಕುಳವೇ, ನಿಮಗೆ ಇಷ್ಟವಿಲ್ಲದ ಸನ್ನೆಯೂ ಕಿರುಕುಳವೇ. ಸಮಿತಿಯಲ್ಲಿ ಕೂತವರಿಗೆ ಇಷ್ಟೂ ಗೊತ್ತಿಲ್ಲ ಅಂದರೆ ಅವರನ್ನು ಅಲ್ಲಿ ಕೂರಿಸಿದ್ದೇ ತಪ್ಪು.

ಅವಧಿಯ ಲೆಕ್ಕ ಹಾಕೋಣ. ಕೊನೆಯ ಘಟನೆಯಿಂದ ಮೂರು ತಿಂಗಳು. ದೂರು ಕೊಡಲಾಗದ ಪರಿಸ್ಥಿತಿ ಇತ್ತು ಅಂತ ಸಮಿತಿಗೆ ಮನವರಿಕೆ ಆದರೆ ಕಾರಣ ಬರೆದು ಇನ್ನೂ ಮೂರು ತಿಂಗಳು ವಿಸ್ತರಿಸಬಹುದು. ಒಟ್ಟು ಆರು. ನೀವು ಐದು ತಿಂಗಳು ತುಂಬುವ ಮೊದಲೇ ಕೊಟ್ಟಿದ್ದೀರಿ. ಹಾಗಾಗಿ ಬಾಗಿಲು ಮುಚ್ಚಿಲ್ಲ. ಆದರೆ ತಡವಾದ ಕಾರಣವನ್ನು ನೀವು ಬರೆದು ಕೊಟ್ಟಿದ್ದೀರಾ? ಇಲ್ಲದಿದ್ದರೆ ಇವತ್ತೇ ಕೊಡಿ. ಅಮ್ಮನ ಆಸ್ಪತ್ರೆಯ ಚೀಟಿ, ಡಿಸ್‌ಚಾರ್ಜ್ ಕಾಗದ ಲಗತ್ತಿಸಿ, ಅವಧಿ ವಿಸ್ತರಿಸಿ ಅಂತ ನೇರವಾಗಿ ಕೇಳಿ.

ಈ ಆರು ತಿಂಗಳ ವಿಷಯದಲ್ಲಿ ಸುಮ್ನೆ ಧೈರ್ಯ ಹೇಳುವುದಿಲ್ಲ. ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ ಕೊನೆಯ ಘಟನೆ 2023ರ ಏಪ್ರಿಲ್, ದೂರು ಕೊಟ್ಟಿದ್ದು ಡಿಸೆಂಬರ್. ಅವಧಿ ಮೀರಿದೆ ಅಂತ ಸ್ಥಳೀಯ ಸಮಿತಿ ಮೊದಲ ಹಂತದಲ್ಲೇ ತಿರಸ್ಕರಿಸಿತು. 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತಿರಸ್ಕಾರವನ್ನು ಎತ್ತಿಹಿಡಿಯಿತು. ನಂತರ ಆಡಳಿತದವರು ಹುದ್ದೆಯಿಂದ ತೆಗೆದದ್ದು ಮೊದಲಾದವನ್ನು ಕಿರುಕುಳ ಮುಂದುವರಿದ ಲೆಕ್ಕಕ್ಕೆ ಹಿಡಿಯಲಿಲ್ಲ. ಇದರಿಂದ ನಿಮಗೆ ಏನು ತಿಳಿಯಬೇಕು ಅಂದರೆ, ನಿಮ್ಮನ್ನು ಗೋದಾಮಿಗೆ ಹಾಕಿದ್ದನ್ನು ಅವಧಿ ಉಳಿಸುವ ಊರುಗೋಲು ಮಾಡಿಕೊಳ್ಳಬೇಡಿ. ಜನವರಿ 10 ಅನ್ನುವ ದಿನವೇ ನಿಮಗೆ ಸಾಕು. ಗೋದಾಮಿನ ವಿಷಯವನ್ನು ಬೇರೆಯಾಗಿ ಬರೆಯಿರಿ: ದೂರು ಕೊಟ್ಟ ಎಷ್ಟನೇ ದಿನ, ಯಾರು ಹೇಳಿದರು, ಏನಂತ ಹೇಳಿದರು. ವಿಚಾರಣೆ ನಡೆಯುವಾಗ ನಿಮಗೆ ಅಥವಾ ಅವನಿಗೆ ವರ್ಗಾವಣೆ, ನಿಮಗೆ ಮೂರು ತಿಂಗಳವರೆಗೆ ರಜೆ ಇಂಥ ಮಧ್ಯಂತರ ಪರಿಹಾರ ಇದೆ. ಅದು ನೀವು ಬರೆದು ಕೇಳಿದರೆ ನಿಮ್ಮ ಅನುಕೂಲಕ್ಕೆ ಸಿಗುವಂಥದ್ದು. ನಿಮ್ಮನ್ನು ಕೇಳದೆ ಗೋದಾಮಿಗೆ ಹಾಕಿದ್ದು ಆ ಪರಿಹಾರ ಆಗುವುದಿಲ್ಲ.

ಈಗ ಸಮಿತಿ. ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿ ಆಗಿರಬೇಕು. ಕಡಿಮೆ ಅಂದರೆ ಅರ್ಧ ಜನ ಮಹಿಳೆಯರು. ಹೊರಗಿನ ಸದಸ್ಯರು ಮಹಿಳೆಯರಿಗಾಗಿ ಕೆಲಸ ಮಾಡುವ ಸಂಸ್ಥೆಯವರು ಅಥವಾ ಈ ವಿಷಯ ಬಲ್ಲವರು ಆಗಿರಬೇಕು. ಮಾಲೀಕರ ಭಾವನನ್ನು ಹೊರಗಿನವರು ಅಂತ ಯಾವ ಬಾಯಲ್ಲಿ ಹೇಳಿದರೋ! ನಿಮ್ಮ ಮೇಲ್ಮನವಿಯಲ್ಲಿ ಅವಧಿಯ ಮಾತು ಬಿಟ್ಟರೆ ಇದೇ ದೊಡ್ಡ ಅಂಶ.

ಬಾಯಿಮಾತಿನ ತಿರಸ್ಕಾರಕ್ಕೆ ಮೇಲ್ಮನವಿ ಹಾಕುವುದು ಕಷ್ಟ. ಅದಕ್ಕೇ ಕೆಲವರು ಬರೆದು ಕೊಡುವುದಿಲ್ಲ. “ಇಂಥ ದಿನ ಇಂಥವರು ನನ್ನ ದೂರನ್ನು ಈ ಕಾರಣ ಹೇಳಿ ತೆಗೆದುಕೊಳ್ಳುವುದಿಲ್ಲ ಅಂದಿರಿ, ಆದೇಶದ ಪ್ರತಿ ಕೊಡಿ” ಅಂತ ಸ್ಪೀಡ್ ಪೋಸ್ಟಿನಲ್ಲಿ ಒಂದು ಕಾಗದ ಹಾಕಿ, ರಸೀದಿ ಇಟ್ಟುಕೊಳ್ಳಿ. ಉತ್ತರ ಕೊಡದಿದ್ದರೂ ನಿಮ್ಮ ಕಾಗದವೇ ದಾಖಲೆ.

ಮೇಲ್ಮನವಿಗೆ 90 ದಿನ. ಸೇವಾ ನಿಯಮ ಇರುವ ಕಡೆ ಆ ನಿಯಮದ ಪ್ರಕಾರ, ನಿಮ್ಮಂಥ ಖಾಸಗಿ ಕಡೆಯವರು ಕಾರ್ಮಿಕ ಕಾನೂನಿನ ಕೆಳಗೆ ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ. ಇಲ್ಲೊಂದು ತೊಡಕು ಇದೆ. ವಿಚಾರಣೆ ನಡೆಸಿ “ಸಾಬೀತಾಗಿಲ್ಲ” ಅಂತ ವರದಿ ಕೊಟ್ಟರೆ ಮೇಲ್ಮನವಿಯ ದಾರಿ ನೇರ. ವಿಚಾರಣೆಗೇ ತೆಗೆದುಕೊಳ್ಳದಿದ್ದರೆ, ಇದು ಶಿಫಾರಸೇ ಅಲ್ಲ, ಇದಕ್ಕೆ ಮೇಲ್ಮನವಿ ಬರುವುದಿಲ್ಲ ಅಂತ ಎದುರಿನವರು ವಾದ ಮಾಡುತ್ತಾರೆ. ಆಗ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಹಾಕುವ ಯೋಚನೆ ಮಾಡಬೇಕಾಗುತ್ತದೆ. ನನ್ನ ಸಲಹೆ ಇಷ್ಟು: ವಾದ ಏನೇ ಬರಲಿ, 90 ದಿನದೊಳಗೆ ಮೇಲ್ಮನವಿ ಹಾಕಿಡಿ. ಧಾರವಾಡಕ್ಕೆ ಹೋಗಬೇಕಾದರೂ “ಮೊದಲು ಅಲ್ಲಿಗೆ ಯಾಕೆ ಹೋಗಲಿಲ್ಲ” ಅನ್ನುವ ಮಾತು ಬರಬಾರದು.

ಮಾಲೀಕರ ಮೇಲೇ ದೂರು ಇದ್ದರೆ, ಅಥವಾ ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯಾದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಾರವಾರದ ಕಚೇರಿಯಲ್ಲಿ ಕೇಳಿದರೆ ತಿಳಿಸುತ್ತಾರೆ. ಕೇಂದ್ರ ಸರ್ಕಾರದ ಶೀ-ಬಾಕ್ಸ್ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು.

ಸಮಿತಿಯವರು ನಿಮ್ಮ ಒತ್ತಾಯಕ್ಕೆ ಈಗ ಅವಸರದಲ್ಲಿ ವಿಚಾರಣೆ ಮುಗಿಸಲು ಹೊರಟರೆ ಅದಕ್ಕೂ ಒಪ್ಪಬೇಡಿ. ಪಕ್ಕದ ಗೋವಾದ ವಿಶ್ವವಿದ್ಯಾಲಯದ ಒಂದು ಪ್ರಕರಣದಲ್ಲಿ ಸಮಿತಿ ಗಡಿಬಿಡಿ ಮಾಡಿತು, ಆರೋಪ ಹೊತ್ತವರಿಗೆ ಸರಿಯಾಗಿ ಹೇಳಿಕೊಳ್ಳಲು ಸಮಯ ಕೊಡಲಿಲ್ಲ ಅಂತ ಸುಪ್ರೀಂ ಕೋರ್ಟು 2023ರ ಮೇ ತಿಂಗಳಲ್ಲಿ ಶಿಕ್ಷೆಯನ್ನೇ ರದ್ದು ಮಾಡಿತು. 2009ರಲ್ಲಿ ವಿಚಾರಣೆ ಎಲ್ಲಿ ತಪ್ಪಿತ್ತೋ ಅಲ್ಲಿಂದ ಮತ್ತೆ ಶುರು ಮಾಡಿ ಅಂದಿತು. ಹದಿನಾಲ್ಕು ವರ್ಷದ ನಂತರ! ದೂರು ಕೊಟ್ಟವರ ಗತಿ ಏನಾಗಿರಬೇಡ? ಎದುರಿನವನಿಗೂ ನೋಟಿಸ್ ಹೋಗಲಿ, ಅವನ ಸಾಕ್ಷಿಯೂ ಆಗಲಿ. ವಿಚಾರಣೆ ಸರಿಯಾಗಿ ಆದರೆ ನಿಮಗೆ ಸಿಗುವ ತೀರ್ಪೂ ನಿಲ್ಲುತ್ತದೆ.

ಪ್ರಶ್ನೆ: ನಾನು ಸಿದ್ದಿ ಸಮುದಾಯದವನು. ಒಂದು ರೆಸಾರ್ಟಿನಲ್ಲಿ ತೋಟದ ಕೆಲಸ. ಅಡುಗೆಮನೆ ಒಳಗೆ ಬರಬಾರದು ಅಂತ ನನಗೊಬ್ಬನಿಗೇ ನಿಯಮ. ಕೇಳಿದಾಗ ಮ್ಯಾನೇಜರ್ ಪ್ರವಾಸಿಗರ ಎದುರಿಗೇ ಜಾತಿ ಹಿಡಿದು ಬೈದ. ಠಾಣೆಗೆ ಹೋದರೆ, ಪ್ರಾಥಮಿಕ ವಿಚಾರಣೆ ಮಾಡಿದ್ದೇವೆ, ಇದು ಕೆಲಸದ ಜಗಳ ಅಂತ ಹಿಂಬರಹ ಕೊಟ್ಟರು.
– ಓದುಗರು, ಯಲ್ಲಾಪುರ

ಉತ್ತರ: ಉತ್ತರ ಕನ್ನಡದ ಸಿದ್ದಿಗಳು 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇದ್ದಾರೆ. ಹಾಗಾಗಿ ದೌರ್ಜನ್ಯ ತಡೆ ಕಾಯ್ದೆ ನಿಮಗೆ ಅನ್ವಯಿಸುತ್ತದೆ, ಬೈದವನು ಪರಿಶಿಷ್ಟ ಜಾತಿ ಪಂಗಡದವನಲ್ಲದಿದ್ದರೆ. ಆ ಕಾಯ್ದೆಗೆ 2018ರಲ್ಲಿ 18ಎ ಅಂತ ಒಂದು ಕಲಮು ಸೇರಿಸಿದರು. ಎಫ್‌ಐಆರ್ ದಾಖಲಿಸಲು ಪ್ರಾಥಮಿಕ ವಿಚಾರಣೆಯ ಅಗತ್ಯವಿಲ್ಲ ಅಂತ ಅದು ಸ್ಪಷ್ಟವಾಗಿ ಹೇಳುತ್ತದೆ. ಅಪರಾಧ ಪ್ರಕರಣ ಹೇಗೆ ನಡೆಸಬೇಕು ಅಂತ ಹೇಳುವ ಹೊಸ ಕಾನೂನು ಬಿಎನ್‌ಎಸ್‌ಎಸ್‌ನಲ್ಲಿ ಕೆಲವು ಅಪರಾಧಗಳಿಗೆ 14 ದಿನದ ಪ್ರಾಥಮಿಕ ವಿಚಾರಣೆಗೆ ಅವಕಾಶ ಇದೆ, ಠಾಣೆಯವರು ಅದನ್ನು ತೋರಿಸಬಹುದು. ನೀವು ತೋರಿಸಬೇಕಾದ್ದು 18ಎ. ವಿಶೇಷ ಕಾಯ್ದೆಯ ಮಾತು ಅದು, ಸಾಮಾನ್ಯ ಕಾನೂನಿಗಿಂತ ಅದಕ್ಕೇ ತೂಕ ಜಾಸ್ತಿ.

ಹಿಂಬರಹದ ನಕಲು, ಜಾತಿ ಪ್ರಮಾಣಪತ್ರ ಇಟ್ಟು ಕಾರವಾರದ ಎಸ್‌ಪಿ ಅವರಿಗೆ ಬರೆದು ಕಳಿಸಿ. ಅಲ್ಲೂ ಆಗದಿದ್ದರೆ ನ್ಯಾಯಾಲಯಕ್ಕೆ. ಆದರೆ ಬರೆಯುವಾಗ ಒಂದು ವಿಷಯದಲ್ಲಿ ತುಂಬಾ ಎಚ್ಚರ ಬೇಕು. ಜಾತಿ ನಿಂದನೆ ಸಾರ್ವಜನಿಕರ ಕಣ್ಣೆದುರು ಆಗಿರಬೇಕು ಅಂತ ಕಾನೂನು ಕೇಳುತ್ತದೆ. ನಾಲ್ಕು ಗೋಡೆಯ ಒಳಗೆ, ಹೊರಗಿನವರು ಯಾರೂ ಇಲ್ಲದಾಗ ಆಡಿದ ಮಾತು ಆ ಕಲಮಿಗೆ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ನಿಮ್ಮ ಮೊದಲ ದೂರಿನಲ್ಲಿ “ಪ್ರವಾಸಿಗರ ಎದುರು” ಅನ್ನುವುದು ಇತ್ತಾ? ಎಲ್ಲಿ ನಿಂತಿದ್ದಿರಿ, ಅಂಗಳದಲ್ಲೋ ಒಳಗೋ, ಎಷ್ಟು ಜನ ಇದ್ದರು, ಯಾವ ಮಾತು ಆಡಿದ? ಅವನು ಆಡಿದ ಮಾತನ್ನು ಹಾಗೇ ಬರೆಯಿರಿ. ನಾಚಿಕೆಯಿಂದ “ಅವಾಚ್ಯವಾಗಿ ಬೈದನು” ಅಂತ ಬರೆದರೆ ಜಾತಿ ಎತ್ತಿದ ಸಂಗತಿಯೇ ದೂರಿನಿಂದ ಮಾಯ ಆಗುತ್ತದೆ, ಆಮೇಲೆ ಅದನ್ನು ಕೆಲಸದ ಜಗಳ ಅಂತ ಕರೆಯುವುದು ಸುಲಭ.

ಪ್ರಶ್ನೆ: ಮಗಳು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಬಣ್ಣ, ಜನಾಂಗದ ಕಾರಣಕ್ಕೆ ತಾರತಮ್ಯ ಆಯಿತು ಅಂತ ಅಲ್ಲಿಯ ಉದ್ಯೋಗ ನ್ಯಾಯಮಂಡಳಿಗೆ ಹೋಗಿದ್ದಳು. ಪೂರ್ತಿ ವಿಚಾರಣೆಗೆ ಮೊದಲೇ ನ್ಯಾಯಾಧೀಶರು ಕೆಲವು ಆರೋಪ ಅವಧಿ ಮೀರಿದೆ ಅಂತ ತೆಗೆದುಹಾಕಿ, ಒಂದಕ್ಕೆ ಠೇವಣಿ ಕಟ್ಟು ಅಂದಿದ್ದಾರಂತೆ. ದಿನಾ ಅಳುತ್ತಾಳೆ. ಎಲ್ಲ ಮುಗಿದ ಹಾಗೆಯಾ?
– ಒಬ್ಬ ತಾಯಿ, ಹೊನ್ನಾವರ

ಉತ್ತರ: ಅಮ್ಮ, ಮುಗಿದಿಲ್ಲ. ತೆಗೆದುಹಾಕದೆ ಬಿಟ್ಟ ಆರೋಪಗಳು ಮುಂದೆ ನಡೆಯುತ್ತವೆ. ಇದನ್ನು ಅವಳಿಗೆ ಇವತ್ತೇ ಫೋನ್ ಮಾಡಿ ಹೇಳಿ.

ಅಲ್ಲಿ ಇಂಥ ಪೂರ್ವಭಾವಿ ವಿಚಾರಣೆ ಮಾಮೂಲು. ಗೆಲ್ಲುವ ಸಾಧ್ಯತೆ ಇಲ್ಲವೇ ಇಲ್ಲ ಅನಿಸಿದರೆ ಆರೋಪವನ್ನು ತೆಗೆದುಹಾಕಬಹುದು. ಸಾಧ್ಯತೆ ಕಡಿಮೆ ಅನಿಸಿದರೆ ಮುಂದುವರಿಸಲು ಠೇವಣಿ ಕೇಳುತ್ತಾರೆ, ಒಂದು ಆರೋಪಕ್ಕೆ ಹೆಚ್ಚೆಂದರೆ 1000 ಪೌಂಡ್. ಹೇಳಿದ ದಿನದೊಳಗೆ ಕಟ್ಟದಿದ್ದರೆ ಆ ಆರೋಪ ಬಿದ್ದುಹೋಗುತ್ತದೆ. ಕಟ್ಟಿ, ಕೊನೆಗೆ ಅದೇ ಕಾರಣಕ್ಕೆ ಸೋತರೆ ಎದುರಿನವರ ಖರ್ಚು ಹೊರುವ ಅಪಾಯ ಇದೆ. ಹಾಗಾಗಿ ಯೋಚಿಸಿ ಕಟ್ಟಬೇಕು.

ಅವಧಿ ಮೀರಿದೆ ಅಂದದ್ದಕ್ಕೆ ಎರಡು ದಾರಿ. ಅದೇ ನ್ಯಾಯಮಂಡಳಿಗೆ ಮರುಪರಿಶೀಲನೆ ಕೇಳುವುದು, ಅದಕ್ಕೆ 14 ದಿನ. ಅಥವಾ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವುದು, ಅದಕ್ಕೆ 42 ದಿನ. ಕೊನೆಯ ದಿನ ಅಲ್ಲಿಯ ಸಂಜೆ 4 ಗಂಟೆಯೊಳಗೆ ಎಲ್ಲ ಕಾಗದ ತಲುಪಿರಬೇಕು. ಸ್ವಲ್ಪ ತಡವಾದರೂ ಒಪ್ಪುವುದು ಅಪರೂಪ. ತೀರ್ಪಿನ ಕಾರಣಗಳನ್ನು ಬಾಯಲ್ಲಿ ಮಾತ್ರ ಹೇಳಿದ್ದರೆ ಬರಹದಲ್ಲಿ ಕೊಡಿ ಅಂತ 14 ದಿನದೊಳಗೆ ಕೇಳಬೇಕು.

ಮೇಲ್ಮನವಿಯಲ್ಲಿ “ನ್ಯಾಯಾಧೀಶರು ನನ್ನ ಮಾತು ನಂಬಲಿಲ್ಲ” ಅಂದರೆ ನಡೆಯುವುದಿಲ್ಲ. ಕಾನೂನನ್ನು ತಪ್ಪಾಗಿ ಅನ್ವಯಿಸಿದ್ದಾರೆ ಅಂತ ತೋರಿಸಬೇಕು. ಉದಾಹರಣೆಗೆ, ಒಂದರ ಹಿಂದೆ ಒಂದು ನಡೆದ ಘಟನೆಗಳನ್ನು ಒಂದೇ ಸರಣಿ ಅಂತ ಹಿಡಿದರೆ ಅವಧಿ ಕೊನೆಯದರಿಂದ ಶುರುವಾಗುತ್ತದೆ. ತಡವಾದ ತಾರತಮ್ಯದ ದೂರನ್ನು ನ್ಯಾಯಸಮ್ಮತ ಅನಿಸಿದರೆ ಒಪ್ಪುವ ಅಧಿಕಾರವೂ ನ್ಯಾಯಾಧೀಶರಿಗೆ ಇದೆ. ಈ ಎರಡನ್ನು ಅವರು ನೋಡಿದ್ದಾರಾ, ಹೇಗೆ ನೋಡಿದ್ದಾರೆ ಅಂತ ಕಾರಣಗಳ ಕಾಗದದಲ್ಲಿ ಹುಡುಕಲು ಹೇಳಿ. ಅವಳ ಯೂನಿಯನ್ ಇದ್ದರೆ ಅಲ್ಲಿಯೇ ವಕೀಲರು ಸಿಗಬಹುದು. ನಾನು ಇಲ್ಲಿಂದ ಓದಿಕೊಡಬಲ್ಲೆ ಅಷ್ಟೇ, ಅಲ್ಲಿಯವರೇ ನಡೆಸಬೇಕು.

ಪ್ರಶ್ನೆ: ಗುತ್ತಿಗೆ ಕೆಲಸದವಳು. ಕಿರುಕುಳದ ದೂರು ಸಾಬೀತಾಗದಿದ್ದರೆ ನನ್ನ ಮೇಲೇ ಕೇಸ್ ಹಾಕುತ್ತೇವೆ ಅಂತ ಹೆದರಿಸುತ್ತಿದ್ದಾರೆ. ವಕೀಲರಿಗೆ ಕೊಡಲು ದುಡ್ಡಿಲ್ಲ.
– ಓದುಗರು, ಭಟ್ಕಳ

ಉತ್ತರ: ಗುತ್ತಿಗೆ, ದಿನಗೂಲಿ, ತರಬೇತಿಯವರು ಎಲ್ಲರೂ 2013ರ ಆ ಕಾಯ್ದೆಯಲ್ಲಿ ಉದ್ಯೋಗಿಗಳೇ. ಸಾಬೀತು ಮಾಡಲಾಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ನಿಮ್ಮ ಮೇಲೆ ಕ್ರಮ ಆಗುವುದಿಲ್ಲ, 14ನೇ ಕಲಮಿನಲ್ಲೇ ಬರೆದಿದೆ. ಬೇಕಂತಲೇ ಸುಳ್ಳು ಹೇಳಿದ್ದೀರಿ ಅಂತ ಬೇರೆ ವಿಚಾರಣೆ ಮಾಡಿ ತೋರಿಸಬೇಕು. ಅಂಥ ಶಿಫಾರಸು ಬಂದರೆ ಅದಕ್ಕೂ 90 ದಿನದ ಮೇಲ್ಮನವಿ ಇದೆ.

ದುಡ್ಡಿನ ಚಿಂತೆ ಬಿಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಕುಮಟಾ, ಶಿರಸಿ, ಯಲ್ಲಾಪುರದ ಓದುಗರಿಗೂ ಇದೇ ಮಾತು. ನಿಮ್ಮ ತಾಲೂಕಿನ ಕೋರ್ಟಿನಲ್ಲೇ ತಾಲೂಕು ಸಮಿತಿ ಇರುತ್ತದೆ, ಅಥವಾ 15100ಕ್ಕೆ ಫೋನ್ ಮಾಡಿ. ಹೋಗುವಾಗ ದೂರಿನ ಪ್ರತಿ, ಸ್ವೀಕೃತಿ, ಹೆದರಿಸಿದ ಮೆಸೇಜ್ ಇದ್ದರೆ ಅದರ ಪ್ರಿಂಟ್, ಏನಾದರೂ ಕಾಗದ ಬಂದಿದ್ದರೆ ಅದು ಬಂದ ಕವರ್ ತೆಗೆದುಕೊಂಡು ಹೋಗಿ.